ಹವಳ ಅಂದುಬಿಟ್ಟೆ

ಮುಂಬೈಗೆ ಬಂದು ಹದಿನೆಂಟು ವರ್ಷ. ಕಾರ್ಟರ್ ರೋಡಿನ ಕಟ್ಟೆಯ ಮೇಲೆ ಕೂತದ್ದುಂಟೇ ಹೊರತು ಕೆಳಗಿನ ಬಂಡೆಗಳಿಗೆ ಇಳಿದವನಲ್ಲ. ಅಮಾವಾಸ್ಯೆ ಕಳೆದ ಭಾನುವಾರ, ಬೆಳಕು ಹರಿಯುವ ಹೊತ್ತಿಗೆ ನೀರು ದೂರ ಸರಿದಿತ್ತು. ಮಗಳು ಎಳೆದುಕೊಂಡು ಹೋದಳು.

ಬಂಡೆಗಳ ನಡುವಿನ ಗುಂಡಿಯಲ್ಲಿ ಇಟ್ಟಿಗೆ ಬಣ್ಣದ, ಬೆರಳುಗಳಂತೆ ಕವಲೊಡೆದ ಏನೋ ಒಂದು. "ಅಪ್ಪಾ, ಇದೇನು?" ನಾನು ಹೊನ್ನಾವರದವನು, ರಂಪಣಿ ಬಲೆ ಎಳೆದವರ ಮಗ. ಗೊತ್ತಿಲ್ಲ ಅನ್ನುವುದು ಹೇಗೆ? "ಹವಳ" ಅಂದೆ. ಅಷ್ಟೇ ಅಲ್ಲ, ಬುಡದ ಕಲ್ಲಿನ ಸಮೇತ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡೆ.

ಪಕ್ಕದಲ್ಲಿದ್ದ ಜೀವಶಾಸ್ತ್ರದ ಮೇಡಂ ಒಬ್ಬರು ಹತ್ತಿರ ಬಂದು, "ಮೊದಲು ನೀರಿಗೆ ಬಿಡಿ" ಅಂದರು. ಅದು ಸ್ಪಂಜು. ನೀರಿನಿಂದ ಎತ್ತಿದರೆ ಮೈಯೊಳಗಿನ ಕಾಲುವೆಗಳಿಗೆ ಗಾಳಿ ಹೊಕ್ಕುತ್ತದೆ. ಎಷ್ಟೋ ಜಾತಿಗಳಿಗೆ ಅದೇ ಕುತ್ತು.

ಆಮೇಲೆ ಬಗ್ಗಿ ನೋಡಿಸಿದರು. ಹವಳವಾದರೆ ಕಲ್ಲಿನಂತೆ ಗಟ್ಟಿ. ಸಮುದ್ರ ಬೀಸಣಿಗೆಯಾದರೆ ಕವಲಿನೊಳಗೆ ತಂತಿಯಂಥ ನಡುಗಡ್ಡಿ, ಮೇಲೆ ಎಂಟೆಂಟು ಎಸಳಿನ ಪುಟ್ಟ ಜೀವಿಗಳು. ಇದರಲ್ಲಿ ಎರಡೂ ಇಲ್ಲ. ಕವಲುಗಳ ಮೇಲೆ ಅಲ್ಲಲ್ಲಿ ದುಂಡು ತೂತುಗಳು. ಸಣ್ಣ ರಂಧ್ರಗಳಿಂದ ಒಳಗೆ ಹೋದ ನೀರು ಸೋಸಿಕೊಂಡು ಈ ತೂತುಗಳಿಂದ ಹೊರಬೀಳುತ್ತದೆ. ಎಡಿನ್‌ಬರೋದ ರಾಬರ್ಟ್ ಗ್ರಾಂಟ್ 1825ರ ಸುಮಾರಿಗೆ ಈ ಹರಿವನ್ನು ಕಣ್ಣಾರೆ ಕಂಡ. ಅಲ್ಲಿಯವರೆಗೆ ಇದು ಗಿಡವೋ ಪ್ರಾಣಿಯೋ ಎಂದು ಪಂಡಿತರೇ ಕಿತ್ತಾಡುತ್ತಿದ್ದರಂತೆ. ನನಗೆ ತುಸು ಸಮಾಧಾನವಾಯಿತು.

"ಹೆಸರು?" ಮಗಳು ಬಿಡಲಿಲ್ಲ. ಫೋಟೋ ನೋಡಿ ಹೇಳಲಾಗದು ಅಂದರು ಮೇಡಂ. ಒಂದೇ ಜಾತಿ ನೀರಿನ ಸೆಳೆತಕ್ಕೆ ತಕ್ಕಂತೆ ಬೇರೆ ಬೇರೆ ಆಕಾರ ತಾಳುತ್ತದೆ, ಬಣ್ಣವನ್ನೂ ನಂಬುವಂತಿಲ್ಲ. ಚೂರೊಂದನ್ನು ಬ್ಲೀಚಿನಲ್ಲಿ ಕರಗಿಸಿದರೆ ಗಾಜಿನಂಥ ಸೂಕ್ಷ್ಮ ಸೂಜಿಗಳು ಉಳಿಯುತ್ತವೆ. ಅವುಗಳ ಆಕಾರ, ಅಳತೆಯನ್ನು ಮೈಕ್ರೊಸ್ಕೋಪಿನಲ್ಲಿ ನೋಡಬೇಕು. ಮಗಳು ನೋಟ್‌ಬುಕ್ಕಿನಲ್ಲಿ "ಕವಲು ಸ್ಪಂಜು" ಎಂದು ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿದಳು.

ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ವರ್ಣಿಸಿದೆ. "ತಮಾ, ಬಲೆಯಿಂದ ಬಿಡಿಸಿದ್ರೆ ಕೈಯೆಲ್ಲ ತುರಿಸ್ತದಲ್ಲ, ಕೆಟ್ಟ ವಾಸನೆ, ಅದಾ?"

ಅದೇ. ಆ ಸೂಜಿಗಳು ನಲವತ್ತು ವರ್ಷ ಅವರ ಕೈಗೆ ಚುಚ್ಚಿದ್ದವು.

"ನಾವು ತಿರುಗಿ ನೀರಿಗೇ ಎಸೀತಿದ್ವಪ್ಪ. ನೀನೂ ಬಿಟ್ಟು ಬಂದ್ಯಾ?"

ಬಿಟ್ಟೆ ಅಂದೆ. ಫೋಟೋದ ವಿಷಯ ಹೇಳಲಿಲ್ಲ.