ನೀರು ಬಂದ ದಾರಿ

ಮಠದ ಪಾಠಶಾಲೆಯಲ್ಲಿ ನಾವು ತರ್ಕಸಂಗ್ರಹವನ್ನು ಓದುತ್ತಿದ್ದಾಗ ಗುರುಗಳು ಹೇತ್ವಾಭಾಸದ ಪ್ರಕರಣವನ್ನು ಮೂರು ಸಲ ಪಾಠ ಹೇಳಿದ್ದರು. ಹೇತುವಿನಂತೆ ತೋರುವುದೆಲ್ಲ ಹೇತುವಲ್ಲವೆಂಬುದು ಅದರ ಸಾರ. ಮುಂದೆ ಮೂವತ್ತು ವರ್ಷ ನಾನೂ ಅದನ್ನೇ ವಿದ್ಯಾರ್ಥಿಗಳಿಗೆ ಕಲಿಸಿದೆ. ಆದರೆ ಅದು ನನಗೆ ನಿಜವಾಗಿ ಮನವರಿಕೆಯಾದುದು ಅಗಡಿಯ ನಮ್ಮ ಮನೆಯ ಅಂಗಳದಲ್ಲಿ, ಹಳೆಯ ಪಿಕಪ್ ಗಾಡಿಯೊಂದರ ಮುಂದೆ.

ನನ್ನ ತಮ್ಮನ ಮಗ ಆ ಗಾಡಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಪೇಟೆಗಳಿಗೆ ಮಾಲು ಸಾಗಿಸಿ ಸಂಸಾರ ನಡೆಸುತ್ತಾನೆ. ಗಾಡಿಗೆ ಹದಿನೈದು ವರ್ಷ ಮೀರಿದೆ. ಎರಡು ವರ್ಷಗಳ ಹಿಂದೆ ರೋಹಿಣಿ ಮಳೆಯ ಒಂದು ರಾತ್ರಿ, ಸಸಿಮಡಿಗೆ ಒಯ್ಯಬೇಕಾಗಿದ್ದ ಮೆಣಸಿನ ಬೀಜದ ಗಂಟನ್ನು ಎಡಗಡೆಯ ಸೀಟಿನ ಮುಂದೆ, ಕಾಲಿಡುವಲ್ಲಿ ಇಟ್ಟಿದ್ದರು. ಬೆಳಿಗ್ಗೆ ನೋಡಿದರೆ ಗಂಟು ನೀರಿನಲ್ಲಿ ನೆನೆದಿತ್ತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೆ ಅದಕ್ಕೂ ಬಹಳ ಮೊದಲಿನಿಂದ ಆ ತಳಿಯನ್ನು ಕಾಪಾಡಿಕೊಂಡು ಬಂದವರು, ಹೊಲದಲ್ಲಿ ಒಳ್ಳೆಯ ಹಣ್ಣನ್ನು ಆರಿಸಿ ಬೀಜ ಕಟ್ಟಿಡುವ ರೈತರು. ನೆನೆದುದು ಅಂಥ ಮನೆಯ ಬೀಜ, ಅಂಗಡಿಯಲ್ಲಿ ಕೊಳ್ಳುವಂಥದಲ್ಲ.

ಗಾಡಿ ನಡೆಸುವ ಹುಡುಗ ಗಾಜು ಏರಿಸದೆ ಹೋಗಿದ್ದಾನೆಂದು ಎಲ್ಲರೂ ಅಂದರು. "ಏರಿಸೇ ಹೋಗಿದ್ನಿರಿ ಅಜ್ಜಾರ" ಎಂದು ಅವನು ನನ್ನ ಕಡೆ ನೋಡಿದ. ನಾನು ಹಿರಿಯನ ಗತ್ತಿನಿಂದ, "ಒಳಗ ನೀರು ಬಂದೈತಿ ಅಂದಮ್ಯಾಲೆ ಗಾಜು ತೆರೆದಿತ್ತು ಅಂತಾತಲ್ಲೋ ತಮ್ಮಾ" ಎಂದೆ. ಹುಡುಗ ತಲೆ ತಗ್ಗಿಸಿ ಹೋದವನು ಮರುದಿನ ಕೆಲಸಕ್ಕೆ ಬರಲಿಲ್ಲ.

ಐದು ದಿನಗಳ ನಂತರ ರಾತ್ರಿ ಮತ್ತೆ ಮಳೆಯಾಯಿತು. ಬೆಳಿಗ್ಗೆ ಅದೇ ಜಾಗದಲ್ಲಿ ನೀರು ನಿಂತಿತ್ತು. "ದೊಡ್ಡಪ್ಪಾರ, ನಿನ್ನೆ ಗಾಜು ನಾನ ಏರಿಸಿದ್ನಿರಿ" ಎಂದು ತಮ್ಮನ ಮಗ ಮೆಲ್ಲಗೆ ಹೇಳಿದ. ನನ್ನ ಹೇತು ಅಲ್ಲಿಯೇ ಮುರಿದುಬಿತ್ತು. ಗಾಜು ಮುಚ್ಚಿದ್ದಾಗಲೂ ನೀರು ಬರುವುದಾದರೆ, ನೀರಿನಿಂದ ತೆರೆದ ಗಾಜನ್ನು ಅನುಮಾನಿಸುವಂತಿಲ್ಲ. ಇದಕ್ಕೆ ಸವ್ಯಭಿಚಾರವೆಂದು ಹೆಸರು. ಹೆಸರು ಬಲ್ಲವನೇ ಎಡವಿದ್ದೆ.

ಗ್ಯಾರೇಜಿನಲ್ಲಿ ಮುಂದಿನ ಗಾಜಿನ ಸುತ್ತ ಎರಡು ಸಲ ಅಂಟು ಬಳಿಸಿ ಆಗಿತ್ತು. ಈ ಸಲ ನಾವು ಮೊದಲು ದಾರಿ ಹುಡುಕಿದೆವು. ಕಾಲಡಿಯ ಹಾಸನ್ನು ಕಿತ್ತು ಬಿಸಿಲಿಗೆ ಹಾಕಿ, ಒಳಗನ್ನು ಪೂರ್ತಿ ಒರೆಸಿ, ಹಳೆಯ ಪತ್ರಿಕೆ ಹಾಸಿದೆವು. ಹುಡುಗನ ಬದಲು ನಾನೇ ಬ್ಯಾಟರಿ ಹಿಡಿದು ಒಳಗೆ ಕುಳಿತೆ. ತಮ್ಮನ ಮಗ ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟ. ಮೊದಲು ಬಾಗಿಲ ಕೆಳಭಾಗ, ಬಳಿಕ ಗಾಜಿನ ಬುಡ, ಕೊನೆಗೆ ಛಾವಣಿ, ಹೀಗೆ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಕಡೆಗೂ ಇಳಿದು, ಯಾವ ಬಿರುಕಿನಿಂದ ಒಳಗೆ ಬಂದಿತೆಂಬುದು ತಿಳಿಯುವುದಿಲ್ಲ.

ಬಾಗಿಲಿಗೆ ನೀರು ಬಿಟ್ಟಾಗ ಪತ್ರಿಕೆ ಒಣಗಿಯೇ ಇತ್ತು. ಮುಂದಿನ ಗಾಜಿನ ಬುಡದ ಜಾಲರಿಯ ಮೇಲೆ ಬಿಟ್ಟ ಕೆಲವೇ ನಿಮಿಷಗಳಲ್ಲಿ, ಹೊರಗಿನ ಗಾಳಿ ಒಳಬರುವ ಕಿಂಡಿಯಿಂದ ಎಡಗಡೆ ನೀರು ತೊಟ್ಟಿಕ್ಕತೊಡಗಿತು. ಜಾಲರಿಯ ಕೆಳಗೆ ಮಳೆನೀರನ್ನು ಹೊರಹಾಕುವ ಒಂದು ಕಾಲುವೆಯಿದೆ. ಜಾಲರಿ ಬಿಚ್ಚಿದಾಗ ಆ ಕಾಲುವೆಯ ರಂಧ್ರದಲ್ಲಿ ಎರಡು ಮುಷ್ಟಿ ಬೇವಿನೆಲೆ ಕೊಳೆತು ಕೆಸರಾಗಿತ್ತು. ಗಾಡಿ ನಿಲ್ಲುತ್ತಿದ್ದುದು ಬೇವಿನ ಮರದಡಿ, ಎಡಕ್ಕೆ ತಗ್ಗಾದ ನೆಲದಲ್ಲಿ. ಅಲ್ಲಿ ತುಂಬಿದ ನೀರು ಕಿಂಡಿಯ ಅಂಚನ್ನು ದಾಟಿ ಒಳಗಿಳಿಯುತ್ತಿತ್ತು. ಓಡುವಾಗಲೂ ಸಮನೆಲದಲ್ಲಿ ನಿಂತಾಗಲೂ ಸೋರದಿದ್ದುದಕ್ಕೆ ಇದೇ ಕಾರಣ. ಕೆಸರು ತೆಗೆದು ನೀರು ಹಾಕಿದೊಡನೆ ಅದು ಸರಸರನೆ ಗಾಲಿಯ ಬಳಿ ಹೊರಬಿದ್ದಿತು. ಈ ರಿಪೇರಿಗೆ ಬೇಕಾದುದು ಒಂದು ತಂತಿ ಮಾತ್ರ.

ಅಂದು ಸಂಜೆ ಹುಡುಗನ ಮನೆಗೆ ಹೋದೆ. ಅವನ ತಾಯಿ ಚಾಪೆ ಹಾಸಿ ಚಹಾ ಕೊಟ್ಟಳು. ಅವಳ ಎದುರಿನಲ್ಲೇ, "ತಪ್ಪು ನನ್ನದು ತಮ್ಮಾ, ನೋಡದ ಮಾತಾಡಿದೆ" ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡ್ರಿ ಅಜ್ಜಾರ. ಬೀಜ ಎಷ್ಟು ಉಳದಾವ್ರಿ?" ಎಂದು ಕೇಳಿದ. ನೆರಳಿನಲ್ಲಿ ಹರಡಿದ ಬೀಜದಲ್ಲಿ ಅರ್ಧದಷ್ಟು ಮೊಳೆಯಬಹುದೆಂದು ಹೇಳಿದೆ. ಮರುದಿನ ಅವನು ಕೆಲಸಕ್ಕೆ ಬಂದ.

ಮನೆಯಲ್ಲಿ ಹಳೆಯ ಗಾಡಿಯುಳ್ಳವರು ಮುಂಗಾರಿಗೆ ಮೊದಲೇ ಆ ಜಾಲರಿಯ ಎಲೆಗಳನ್ನು ತೆಗೆಯಿರಿ. ಬಾಗಿಲ ಅಡಿಯಲ್ಲಿಯೂ ಸಣ್ಣ ರಂಧ್ರಗಳಿರುತ್ತವೆ. ಅವುಗಳ ಮಣ್ಣನ್ನು ಕಡ್ಡಿಯಿಂದ ಬಿಡಿಸಿರಿ. ಬಾಗಿಲ ರಬ್ಬರಿನ ನಡುವೆ ಕಾಗದದ ಪಟ್ಟಿಯನ್ನಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿದರೆ ಅಲ್ಲಿ ರಬ್ಬರು ಸವೆದಿದೆಯೆಂದು ತಿಳಿಯಿರಿ. ನೆನೆದ ಹಾಸನ್ನು ಕಿತ್ತು ಒಣಗಿಸಿರಿ, ಇಲ್ಲವಾದರೆ ಕೆಳಗಿನ ತಗಡು ತುಕ್ಕು ಹಿಡಿಯುತ್ತದೆ. ಇಷ್ಟನ್ನೂ ಪರೀಕ್ಷಿಸುವವರೆಗೆ ಗಾಜು ಏರಿಸಿದೆನೆನ್ನುವ ಹುಡುಗನ ಮಾತನ್ನು ನಂಬಿರಿ.