ತಂತಿಯಿಲ್ಲದ ಜಾಲದ ತಂತಿ ಪುರಾಣ

ಹಳಗನ್ನಡ ಪಾಠ ಮಾಡುವವನನ್ನು ವೈಫೈ ಸಮಿತಿಗೆ ಹಾಕಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಸಭೆಯಲ್ಲಿ ಗೋಡಂಬಿ ಬಿಸ್ಕತ್ತು ಸಿಗುತ್ತದೆ. ಕಲಾ ನಿಕಾಯದಿಂದ ಒಬ್ಬರಿರಲಿ ಎಂದು ಆದೇಶ ಬಂದಿತ್ತು. ಇತಿಹಾಸದವರು ಜಾಣರು, ರಜೆ ಹಾಕಿದ್ದರು. ಅರ್ಥಶಾಸ್ತ್ರದವರು ಪರೀಕ್ಷೆಯ ಕೆಲಸ ಎಂದರು. ಉಳಿದವನು ನಾನು. ವಿಶ್ವವಿದ್ಯಾಲಯದ ಹೆಸರು ಮಾತ್ರ ಕೇಳಬೇಡಿ, ನನ್ನ ಪಿಂಚಣಿ ಕಡತ ಇನ್ನೂ ಅಲ್ಲೇ ಇದೆ.

ಮೊದಲ ಸಭೆಯಲ್ಲೇ ನನಗೊಂದು ಗುಮಾನಿ ಬಂತು. ತಂತಿಯಿಲ್ಲದ ಜಾಲ ಎನ್ನುತ್ತಾರೆ, ಅಂದಾಜುಪಟ್ಟಿ ತೆರೆದರೆ ಪುಟಪುಟಕ್ಕೂ ತಂತಿ. ಚಾವಣಿಗೆ ಅಂಟಿಸುವ ಬಿಳಿ ಡಬ್ಬಿ, ಅದೇ ಆಕ್ಸೆಸ್ ಪಾಯಿಂಟ್, ಪ್ರತಿಯೊಂದಕ್ಕೂ ಒಂದೊಂದು ಕೇಬಲ್ ಬೇಕು. ಮಾಹಿತಿಯೂ ಕರೆಂಟೂ ಅದೊಂದರಲ್ಲೇ ಹೋಗುತ್ತವಂತೆ. ತಾಮ್ರದ ಕೇಬಲ್ಲಿನ ದಮ್ಮು 100 ಮೀಟರಿಗೆ ಮುಗಿಯುತ್ತದೆ. ಹಾಗಾಗಿ ಮಹಡಿಗೊಂದು ಸ್ವಿಚ್ಚು, ಸ್ವಿಚ್ಚಿಗೊಂದು ಯುಪಿಎಸ್ಸು, ಕಟ್ಟಡದಿಂದ ಕಟ್ಟಡಕ್ಕೆ ಮಣ್ಣಿನಡಿ ಫೈಬರ್. ಗಾಳಿಯಲ್ಲಿ ಹೋಗುವುದು ಕಟ್ಟಕಡೆಯ ನಲವತ್ತು ಐವತ್ತು ಅಡಿ ಅಷ್ಟೇ. ಎಲೆಕ್ಟ್ರಾನಿಕ್ಸ್‌ನ ಮೇಷ್ಟ್ರು ನನ್ನ ಮುಖ ನೋಡಿ ಅಂದರು: ‘ಮದುಮಗ ಮಂಟಪದ ಮುಂದೆ ಸಾರೋಟಿನಿಂದ ಇಳೀತಾನಲ್ಲ ಸಾರ್, ಹಾಗೆ. ಊರಿಂದ ಅಲ್ಲೀತನಕ ಕೆಂಪು ಬಸ್ಸೇ.’

ಸರಿ, ಅಗೆತ ಶುರುವಾಯಿತು. ನಮ್ಮಲ್ಲಿ ನೀರು ಬಿಡುವ ನೀರುಗಂಟಿ ಒಬ್ಬನಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕ್ಯಾಂಪಸ್ಸಿನ ವಾಲ್ವುಗಳನ್ನೆಲ್ಲ ತಿರುವುತ್ತ ಹೋಗುವವನು. ಗೆಸ್ಟ್ ಹೌಸ್ ಹಿಂದೆ ಜೆಸಿಬಿ ನಿಂತದ್ದು ನೋಡಿ, ‘ಇಲ್ಲಿ ಅಗೀಬ್ಯಾಡ್ರಿ, ದೊಡ್ಡ ಪೈಪೈತೆ’ ಎಂದ. ಇಂಜಿನಿಯರ್ ನಕಾಶೆ ಬಿಡಿಸಿ ತೋರಿಸಿದರು. ನಕಾಶೆಯಲ್ಲಿ ಪೈಪು ರಸ್ತೆಯ ಆಚೆ ಬದಿಗಿತ್ತು. ಐದು ನಿಮಿಷದಲ್ಲಿ ಜೆಸಿಬಿಯ ಹಲ್ಲಿಗೆ ಸಿಕ್ಕು ಕಾರಂಜಿ ಎದ್ದಿತು. ಗೆಸ್ಟ್ ಹೌಸಿನಲ್ಲಿ ಇಳಿದಿದ್ದ ಪಿಎಚ್‌ಡಿ ಮೌಖಿಕ ಪರೀಕ್ಷಕರು ಎರಡು ದಿನ ಬಕೆಟ್ ಹಿಡಿದು ಓಡಾಡಿದರು. ಆ ಅಭ್ಯರ್ಥಿಗೆ ಡಾಕ್ಟರೇಟ್ ಸಿಕ್ಕಿತು ಅನ್ನುವುದೇ ದೊಡ್ಡದು.

ನೀರು ಅಂದಾಗ ನೆನಪಾಯಿತು. ವಿಶ್ವವಿದ್ಯಾಲಯಕ್ಕೂ ತಂತಿಯಿಲ್ಲದ ಕಂಪ್ಯೂಟರ್ ಜಾಲಕ್ಕೂ ಮೊದಲು ಗಂಟು ಬಿದ್ದದ್ದು ಸುತ್ತಲೂ ನೀರಿರುವ ಹವಾಯಿಯಲ್ಲಿ. ಸಮಿತಿಗೆ ಬಿದ್ದ ಮೇಲೆ ತೀರ ದಡ್ಡನ ಹಾಗೆ ಕೂರಬಾರದೆಂದು ಓದಿಕೊಂಡದ್ದು ಇದು. ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು ಅಲ್ಲಿಗೆ ಹೋದದ್ದೇ ಅಲೆಯ ಮೇಲೆ ಜಾರುವ ಸರ್ಫಿಂಗಿನ ಹುಚ್ಚಿಗೆ. ವಿಶ್ವವಿದ್ಯಾಲಯ ದ್ವೀಪದ್ವೀಪಗಳಲ್ಲಿ ಹಂಚಿಹೋಗಿತ್ತು, ಟೆಲಿಫೋನ್ ತಂತಿ ನಂಬುವಂತಿರಲಿಲ್ಲ. 1971ರ ಜೂನ್‌ನಲ್ಲಿ ಅವರ ತಂಡ ಅಲೋಹಾನೆಟ್ ಎಂಬ ರೇಡಿಯೊ ಜಾಲ ಶುರು ಮಾಡಿತು. ವೇಗ ಸೆಕೆಂಡಿಗೆ 9600 ಬಿಟ್. ಅದರ ನಿಯಮ ನಮ್ಮ ಮದುವೆಮನೆಯದ್ದೇ: ಹೇಳಬೇಕೆನಿಸಿದಾಗ ಹೇಳಿಬಿಡು. ಇಬ್ಬರ ಮಾತು ಡಿಕ್ಕಿ ಹೊಡೆದು ಯಾರಿಗೂ ಕೇಳದಿದ್ದರೆ ತೋಚಿದಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಹೇಳು. ಹೀಗೆ ನಡೆಸಿದರೆ ಗಾಳಿಯ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದು ಹೆಚ್ಚೆಂದರೆ ನೂರಕ್ಕೆ ಹದಿನೆಂಟು ಪಾಲು ಎಂದು ಲೆಕ್ಕವೂ ಇದೆ. ನಮ್ಮ ಸಿಂಡಿಕೇಟ್ ಸಭೆಗೆ ಹೋಲಿಸಿದರೆ ಅದು ಉತ್ತಮ ಫಲಿತಾಂಶ. ಆ ಜಾಲದ ನಡುವೆ ಕೂತು ಮಾತನ್ನೆಲ್ಲ ಸಂಭಾಳಿಸುವ ಯಂತ್ರಕ್ಕೆ ಅವರಿಟ್ಟ ಹೆಸರು ಮೆನೆಹೂನೆ. ರಾತ್ರಿಯಲ್ಲಿ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿಹೋಗುವ ಕುಳ್ಳರು ಎಂದು ಹವಾಯಿಯ ಜನಪದ ಕತೆಗಳಲ್ಲಿ ಬರುತ್ತಾರಲ್ಲ, ಅವರ ಹೆಸರು. ಓದುವಾಗ ನನಗೆ ನಮ್ಮ ನೀರುಗಂಟಿಯೇ ಕಣ್ಣಮುಂದೆ ಬಂದ.

ತಮಾಷೆ ಇನ್ನೂ ಇದೆ. ಅಲೋಹಾದ ಈ ಉಪಾಯವನ್ನೇ ಅಭ್ಯಾಸ ಮಾಡಿ, ತಿದ್ದಿ, ರಾಬರ್ಟ್ ಮೆಟ್ಕಾಫ್ 1973ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಶಾಲೆಯಲ್ಲಿ ಈಥರ್‌ನೆಟ್ ಹೊಸೆದರು. ಅಂದರೆ ನಾವು ಪೈಪು ಒಡೆದು ಹೂಳುತ್ತಿದ್ದ ತಂತಿಯ ಜಾಲ ಗಾಳಿಯ ಜಾಲಕ್ಕೇ ಹುಟ್ಟಿದ್ದು. ಕೂಸು ತಾಯಿಯನ್ನು ಹೊತ್ತು ತಿರುಗುವ ಕಾಲ ಬಂದಿದೆ.

ಡಬ್ಬಿ ಎಲ್ಲೆಲ್ಲಿ ಕೂರಿಸಬೇಕು ಅನ್ನುವುದೇ ಈ ವಿದ್ಯೆಯ ಹೂರಣ. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಹಿಲ್ಸ್ ಎನ್ನುವವರು 1993ರಲ್ಲೇ, ವೈಫೈ ಎಂಬ ಹೆಸರೂ ಹುಟ್ಟದಿದ್ದಾಗ, ಈ ಕೆಲಸಕ್ಕೆ ಕೈಹಾಕಿದ್ದರು. ‘ವೈರ್‌ಲೆಸ್ ಆಂಡ್ರೂ’ ಎಂದು ಅದರ ಹೆಸರು. ಕಾರ್ನೆಗಿಯೂ ಆಂಡ್ರೂ, ಮೆಲನ್ನೂ ಆಂಡ್ರೂ. ಹಿಲ್ಸ್ ಆಮೇಲೆ ಒಂದು ತಳ್ಳುಗಾಡಿ ಮಾಡಿಸಿದರು, ರೋಲ್‌ಅಬೌಟ್ ಅಂತ. ಚಕ್ರ ದೂರ ಅಳೆಯುತ್ತದೆ, ಮೇಲಿನ ಕಂಪ್ಯೂಟರ್ ಅಲ್ಲಲ್ಲಿಯ ಸಿಗ್ನಲ್ ಬರೆದುಕೊಳ್ಳುತ್ತದೆ. ತಳ್ಳಿಕೊಂಡು ಕಾರಿಡಾರಿನಲ್ಲಿ ನಡೆದರಾಯಿತು. ನಮ್ಮದು ಗ್ರಂಥಾಲಯದ ಪುಸ್ತಕದ ಗಾಡಿ. ಒಂದು ಚಕ್ರ ಕೀರಲು. ಅದರ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಕೋಲಿಗೆ ಕಟ್ಟಿದ ಡಬ್ಬಿ. ಟೆಂಡರ್ ಹಿಡಿದವರ ಹುಡುಗ ಅಂಕಿ ಓದುತ್ತಿದ್ದ: ಮೈನಸ್ ಐವತ್ತು, ಮೈನಸ್ ಅರವತ್ತು. ಮೈನಸ್ ಇಳಿದರೆ ಒಳ್ಳೆಯದೋ ಏರಿದರೆ ಒಳ್ಳೆಯದೋ ನನಗೆ ತಿಳಿಯಲು ಒಂದು ವಾರ ಹಿಡಿಯಿತು. ಮೈನಸ್ ಅರವತ್ತೇಳರ ಒಳಗಿದ್ದರೆ ಮಾತುಕತೆಗೂ ಸಾಕು. ಎಂಬತ್ತು ದಾಟಿದರೆ ದೇವರೇ ಗತಿ. ಹಳೆಯ ಆಡಳಿತ ಕಟ್ಟಡದ ಎರಡಡಿ ದಪ್ಪದ ಕಲ್ಲಿನ ಗೋಡೆ ದಾಟಿದೆವೋ ಇಲ್ಲವೋ, ಅಂಕಿ ಬಾವಿಗೆ ಬಿದ್ದ ಕೊಡದ ಹಾಗೆ ಇಳಿದೇ ಹೋಯಿತು. ಗ್ರಂಥಾಲಯದಲ್ಲಿ ಕಬ್ಬಿಣದ ರ‍್ಯಾಕು, ಮೇಲೆ ಒತ್ತೊತ್ತಿ ಇಟ್ಟ ಪುಸ್ತಕ. ನಿಘಂಟಿನ ಸಂಪುಟಗಳ ಹಿಂದೆ ಒಂದು ಕಡ್ಡಿಯೂ ಇಲ್ಲ. ನನಗೆ ಒಳಗೊಳಗೇ ಖುಷಿಯಾಯಿತು.

ಒಂದು ತಪ್ಪು ಮಾಡಿದೆವು, ಅದನ್ನು ಹೇಳಿಬಿಡುತ್ತೇನೆ. ಸರ್ವೆ ಮಾಡಿದ್ದು ಮೇ ತಿಂಗಳಲ್ಲಿ. ಹಾಸ್ಟೆಲ್ ಖಾಲಿ, ಲೆಕ್ಚರ್ ಹಾಲು ಖಾಲಿ. ಮನುಷ್ಯನ ಮೈಯೆಂದರೆ ಅರ್ಧಕ್ಕಿಂತ ಹೆಚ್ಚು ಪಾಲು ನೀರಿನ ಚೀಲವೇ, ವೈಫೈ ಅಲೆಗಳನ್ನು ಕುಡಿದುಬಿಡುತ್ತದೆ. ಜುಲೈನಲ್ಲಿ ಹಾಲಿಗೆ ಇನ್ನೂರು ಚೀಲ ಬಂದು ಕೂತವು, ಚೀಲಕ್ಕೆ ಎರಡೆರಡು ಯಂತ್ರ. ಹೊರಗೆ ಮಳೆ, ಹೊಂಗೆ ಮರದ ಒದ್ದೆ ಎಲೆ. ಹಸಿರು ಬಣ್ಣ ಹೊಡೆದಿದ್ದ ನಮ್ಮ ನಕ್ಷೆ ಹಸಿರಾಗಿಯೇ ಇತ್ತು, ದೂರುಗಳು ಬೇರೆ ಬಣ್ಣದಲ್ಲಿ ಬಂದವು.

ಇನ್ನೊಂದು ತಪ್ಪು ಸಮಿತಿಯದ್ದೇ. ಡಬ್ಬಿ ಎಲ್ಲೆಲ್ಲಿ ಬೇಕು ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದೆವು. ಎಲ್ಲರೂ ತಮ್ಮ ತಮ್ಮ ಕೋಣೆ ಬರೆದುಕೊಟ್ಟರು. ಮೆಟ್ಟಿಲು ಎಂದು ಒಬ್ಬರೂ ಬರೆಯಲಿಲ್ಲ. ಹುಡುಗರು ಓದುವುದು, ಜಗಳವಾಡುವುದು, ಅಸೈನ್‌ಮೆಂಟ್ ಕಳಿಸುವುದು ಎಲ್ಲ ಮೆಟ್ಟಿಲ ಮೇಲೆ, ಕ್ಯಾಂಟೀನ್ ಹಿಂದಿನ ಕಟ್ಟೆಯ ಮೇಲೆ. ಜನ ಎಲ್ಲಿ ಕೂರುತ್ತಾರೋ ನೋಡಿ ಡಬ್ಬಿ ಹಾಕಬೇಕು, ನಾಮಫಲಕ ನೋಡಿ ಅಲ್ಲ. ಇದಕ್ಕೆ ಸಾಫ್ಟ್‌ವೇರ್ ಬೇಡ, ಸಂಜೆ ಐದಕ್ಕೆ ಒಂದು ಸುತ್ತು ಬಂದರೆ ಸಾಕು. ನಾನು ಸಭೆಯಲ್ಲಿ ಹೇಳಿದೆ. ನಡಾವಳಿಯಲ್ಲಿ ಬರಲಿಲ್ಲ.

ಗಾಳಿಯ ವಿಷಯಕ್ಕೆ ಬಂದರೆ, 2.4 ಗಿಗಾಹರ್ಟ್ಸ್ ಎನ್ನುವುದು ಗೋಮಾಳ. 2005ರಲ್ಲಿ ಸರ್ಕಾರ ಲೈಸೆನ್ಸ್ ಬೇಡವೆಂದು ಅದನ್ನು ಬಿಟ್ಟುಕೊಟ್ಟ ಮೇಲೆ ಯಾರ ದನ ಬೇಕಾದರೂ ಮೇಯಬಹುದು. ವೈಫೈ, ಬ್ಲೂಟೂತ್, ಕ್ವಾರ್ಟರ್ಸಿನ ಮೈಕ್ರೋವೇವ್ ಒಲೆ, ಎಲ್ಲ ಅಲ್ಲೇ. ಒಂದಕ್ಕೊಂದು ತಾಗದ ಚಾನೆಲ್ಲು ಮೂರೇ: 1, 6, 11. ಅಕ್ಕಪಕ್ಕದ ಡಬ್ಬಿಗಳಿಗೆ ಒಂದೇ ಚಾನೆಲ್ ಬೀಳದ ಹಾಗೆ ಹಂಚಬೇಕು, ಮೇಲಿನ ಮಹಡಿ ಕೆಳಗಿನ ಮಹಡಿ ಸೇರಿಸಿ. ಪಾಪ ಟೆಂಡರಿನವರ ಆ ಹುಡುಗ ಮೂರೇ ಬಣ್ಣದಲ್ಲಿ ರಂಗೋಲಿ ಹಾಕಿದಂತೆ ಹಂಚಿದ. ಮರುದಿನವೇ ಹಾಸ್ಟೆಲಿನ ಒಬ್ಬ ಪುಣ್ಯಾತ್ಮ ಮನೆಯಿಂದ ರೂಟರ್ ತಂದು 3ರಲ್ಲಿ ಹಚ್ಚಿಕೊಂಡ. ಒಂದು ಮತ್ತು ಆರು ಎರಡಕ್ಕೂ ತೊಂದರೆ.

ಫೋನುಗಳ ಸ್ವಭಾವವೂ ವಿಚಿತ್ರ. ಯಾವ ಡಬ್ಬಿ ಹಿಡಿಯಬೇಕೆಂದು ತೀರ್ಮಾನಿಸುವುದು ಫೋನೇ. ಗೇಟಿನ ಹತ್ತಿರ ಹಿಡಿದದ್ದನ್ನು ಇತಿಹಾಸ ವಿಭಾಗಕ್ಕೆ ಬಂದರೂ ಬಿಡುವುದಿಲ್ಲ, ತಲೆಯ ಮೇಲೇ ಇನ್ನೊಂದು ಇದ್ದರೂ. ಬಸ್ಸು ಹೊರಟರೂ ಕಿಟಕಿಯಲ್ಲಿ ಮೊಮ್ಮಗನ ಕೈ ಬಿಡದ ಅಜ್ಜಿಯ ಹಾಗೆ. ಇದಕ್ಕೆ ತಿರುಗಾಮುರುಗಾ ಉದಾಹರಣೆಯೂ ಒಂದುಂಟು, ಎಡುರೋಮ್. ನೆದರ್ಲೆಂಡ್ಸ್‌ನವರಿಗೆ ಹೊಳೆದದ್ದು, ನಮ್ಮಲ್ಲಿ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲದ ಸಂಸ್ಥೆ ನಡೆಸುತ್ತದೆ. ಪರಸ್ಥಳದ ವಿಶ್ವವಿದ್ಯಾಲಯಕ್ಕೆ ಹೋದರೂ ನಿಮ್ಮ ಊರಿನ ಪಾಸ್‌ವರ್ಡೇ ನಡೆಯುತ್ತದೆ. ಅಲ್ಲಿಯವರು ನಿಮ್ಮ ಮನೆಗೇ ಕೇಳಿ ಕಳಿಸಿ, ‘ಹೌದು, ನಮ್ಮ ಹುಡುಗನೇ’ ಎಂದರೆ ಒಳಗೆ ಬಿಡುತ್ತಾರೆ. ಒಂದು ಸಮ್ಮೇಳನಕ್ಕೆ ಹೋದಾಗ ನನ್ನ ಫೋನು ಜೇಬಿನಲ್ಲೇ ತಾನಾಗಿ ಸೇರಿಕೊಂಡು ಟಿಂಗ್ ಎಂದಿತು. ಬಂದ ಮೊದಲ ಸಂದೇಶ: ವೈಫೈ ಸಮಿತಿ ಸಭೆ, ನಾಳೆ ಹನ್ನೊಂದಕ್ಕೆ.

ಆ ಸಭೆಯ ವಿಷಯ ಹಾಸ್ಟೆಲಿನ ಎರಡನೆಯ ಮಹಡಿ. ದಿನಾ ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಅಲ್ಲಿಯ ಮೂಲೆ ರೂಮುಗಳಲ್ಲಿ ಸಿಗ್ನಲ್ ಸಾಯುತ್ತದೆ, ಮಧ್ಯಾಹ್ನ ಬದುಕುತ್ತದೆ. ಭಾನುವಾರ ಇನ್ನೂ ಜಾಸ್ತಿ. ಎರಡು ವಾರ ಲಾಗ್ ತೆಗೆದರು. ಚಾನೆಲ್ ಬದಲಿಸಿದರು, ಡಬ್ಬಿಯನ್ನೇ ಬದಲಿಸಿದರು. ಕೊನೆಗೆ ಬೆಂಗಳೂರಿನಿಂದ ಒಬ್ಬ ತಜ್ಞರನ್ನು ಕರೆಸುವುದೆಂದು ಠರಾವಾಯಿತು. ಅಷ್ಟರಲ್ಲಿ ಮಹಡಿಯ ಟ್ಯಾಂಕು ನೋಡಲು ಹತ್ತಿದ್ದ ನೀರುಗಂಟಿ ಇಳಿದುಬಂದು ನನ್ನ ಹತ್ತಿರ, ‘ಸಾ, ಆ ಬಿಳೀ ಡಬ್ಬಿ ಕಾಣಂಗೇ ಇಲ್ವಲ್ಲ, ಅದ್ ಹೆಂಗ್ ಕೆಲ್ಸ ಮಾಡ್ತದೆ?’ ಎಂದ. ಹೋಗಿ ನೋಡಿದರೆ, ಕಾರಿಡಾರಿನ ಗೋಡೆಯಲ್ಲಿ ಡಬ್ಬಿಯ ಸುತ್ತ ಕಳ್ಳರು ಕದಿಯದಿರಲೆಂದು ಹೊಡೆಸಿದ್ದ ಸರಳಿನ ಮೇಲೆ ಐದು ಒದ್ದೆ ಟವಲು, ಒಂದರ ಮೇಲೊಂದು. ಹಿಂಡಿಯೂ ಇರಲಿಲ್ಲ, ತೊಟ್ಟಿಕ್ಕುತ್ತಿದ್ದವು. ತೆಗೆಸಿದೆವು. ವಾರ್ಡನ್ ಸಹಿಯೊಂದಿಗೆ ಅಲ್ಲೊಂದು ನೋಟಿಸು ಅಂಟಿಸಿದರು: ಇಲ್ಲಿ ಟವಲು ಒಣಗಿಸಬಾರದು.

ಮರುದಿನ ಹೋದಾಗ ಲುಂಗಿ ಇತ್ತು.