ಮೆಜೆಸ್ಟಿಕ್ಕಿನ ನಾಲ್ವರು ಯಜಮಾನರು, 640 ಹಾಡಿನ ಪುಸ್ತಕಗಳು!

ಮೆಜೆಸ್ಟಿಕ್ಕು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ ಗೆಳೆಯರೇ? ಬಸ್ಸು, ಬಸ್ಸಿನ ಹೊಗೆ, ಜೇಬುಗಳ್ಳರು, ಜೋಪಾನ ಅಂತ ಊರಿಂದ ಹೊರಡುವಾಗ ಅಮ್ಮ ಹೇಳಿದ ಮಾತು. ಈಗ ನೀವು ಈ ಪತ್ರಿಕೆ ಕೊಂಡು ನಿಂತಿರೋದೂ ಅಲ್ಲೇ ಇರಬಹುದು. ನಿಮ್ಮ ಕಾಲಡಿ ಒಂದು ಕಾಲಕ್ಕೆ ಕೆರೆ ಇತ್ತು, ಗೊತ್ತಾ? ಧರ್ಮಾಂಬುಧಿ ಕೆರೆ! ಪೇಟೆಗೆ ನೀರು ಕೊಡುತ್ತಿದ್ದ ಕೆರೆ ಬತ್ತಿ ಬಯಲಾಯಿತು, ಆ ಬಯಲಿನ ಮೇಲೆ ಬಸ್ ಸ್ಟ್ಯಾಂಡ್ ಎದ್ದಿತು. ಇನ್ನು ಮೆಜೆಸ್ಟಿಕ್ ಅನ್ನೋ ಹೆಸರು? ಅದು ರಾಜರದ್ದೂ ಅಲ್ಲ, ದೇವರದ್ದೂ ಅಲ್ಲ. ಅದೊಂದು ಸಿನಿಮಾ ಟಾಕೀಸಿನ ಹೆಸರು! ಟಾಕೀಸು ಹೋಯಿತು, ಹೆಸರು ಉಳಿಯಿತು. ಸತ್ತ ಮೇಲೂ ಇಷ್ಟು ಜನರ ಬಾಯಲ್ಲಿ ದಿನಾ ಓಡಾಡುವ ಇನ್ನೊಂದು ಥಿಯೇಟರು ಈ ದೇಶದಲ್ಲಿ ಇದೆಯೋ ಇಲ್ಲವೋ!

ಈ ಮೆಜೆಸ್ಟಿಕ್ಕಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಜನ ಯಜಮಾನರು ಸೇರುತ್ತಾರೆ. ನಾಲ್ವರೂ ರಿಟೈರ್ಡು. ನಾಲ್ವರಿಗೂ ಒಂದೇ ಹುಚ್ಚು. ಯಾವ ಹುಚ್ಚು ಅಂತ ನಿಮಗೆ ಬಿಡಿಸಿ ಹೇಳಬೇಕೇ?

"ಹೆಸರು ಗಿಸರು ಹಾಕಬೇಡ ಕಣಪ್ಪಾ, ಮೊಮ್ಮಕ್ಕಳು ನಗ್ತವೆ" ಅಂದರು. ಹಾಗಾಗಿ ಅವರು ಮಾಡಿದ ಕೆಲಸದ ಹೆಸರಿನಿಂದಲೇ ಕರೆಯುತ್ತೇನೆ.

ಆಪರೇಟರ್ ತಾತ

ವಯಸ್ಸು 81. ಹದಿನೈದನೇ ವರ್ಷಕ್ಕೆ ರೀಲು ಸುತ್ತೋ ಹುಡುಗನಾಗಿ ಕ್ಯಾಬಿನ್ ಹೊಕ್ಕವರು. ಈಗಿನ ನಮಗೆ ಸಿನಿಮಾ ಅಂದರೆ ಒಂದು ಡಬ್ಬಿ, ಒಂದು ಗುಂಡಿ. ಆಗ ಹಾಗಲ್ಲ. ಎರಡು ಕಾರ್ಬನ್ ಕಡ್ಡಿಗಳ ಮಧ್ಯೆ ಕಿಡಿ ಹಾರಿಸಿ, ಆ ಬೆಳಕಿನಲ್ಲಿ ಚಿತ್ರ ಬಿಡಬೇಕು. ಕಡ್ಡಿ ಉರಿದುರಿದು ಸವೆಯುತ್ತೆ, ಅಂತರ ಹೆಚ್ಚಾದರೆ ತೆರೆ ಮೇಲೆ ಹೀರೋ ಮುಖ ಕಪ್ಪಾಗುತ್ತೆ, ಕೆಳಗಡೆ ಗಾಂಧಿ ಕ್ಲಾಸಿನಿಂದ ಶಿಳ್ಳೆ ಶುರು! 35 ಎಂ.ಎಂ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತೆ. 2000 ಅಡಿಯ ರೀಲು ಇಪ್ಪತ್ತೆರಡು ನಿಮಿಷಕ್ಕೆ ಖಾಲಿ. ಅಷ್ಟರಲ್ಲಿ ಪಕ್ಕದ ಪ್ರೊಜೆಕ್ಟರಿಗೆ ಮುಂದಿನ ರೀಲು ಏರಿಸಿ ರೆಡಿ ಇರಬೇಕು.

"ತೆರೆಯ ಬಲಗಡೆ ಮೇಲ್ಮೂಲೇಲಿ ಒಂದು ಚುಕ್ಕೆ ಬರುತ್ತೆ. ಜನ ನೋಡಲ್ಲ, ನಾವು ಅದನ್ನೇ ನೋಡೋದು. ಮೊದಲನೇ ಚುಕ್ಕೆಗೆ ಎರಡನೇ ಮಿಷನ್ ಮೋಟಾರ್ ಆನ್. ಏಳು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಅದಕ್ಕೆ ಇದು ಬಂದ್, ಅದು ಚಾಲೂ. ಐವತ್ತು ವರ್ಷ ಸಿನಿಮಾ ತೋರಿಸಿದೀನಿ ಮರಿ. ಮೂಲೆ ಬಿಟ್ಟು ಮಧ್ಯದಲ್ಲಿ ಏನಾಯ್ತು ಅಂತ ರಿಟೈರ್ ಆದಮೇಲೆ ಟೀವೀಲಿ ನೋಡಿದ್ದು!"

ಒಂದೇ ಪ್ರಿಂಟಿನಲ್ಲಿ ಎರಡು ಟಾಕೀಸು ನಡೆಸಿದ ಕಥೆಯೂ ಇವರ ಹತ್ತಿರ ಇದೆ. ಇಲ್ಲಿ ಆಟ ಶುರುವಾಗಿ ಅರ್ಧ ಗಂಟೆ ಬಿಟ್ಟು ಅಲ್ಲಿ ಶುರು. ಮಧ್ಯೆ ಒಬ್ಬ ಹುಡುಗ ಸೈಕಲ್ಲಿನ ಕ್ಯಾರಿಯರ್‌ಗೆ ರೀಲಿನ ಡಬ್ಬ ಕಟ್ಟಿಕೊಂಡು ತುಳಿಯಬೇಕು. ಸೈಕಲ್ ಪಂಕ್ಚರ್ ಆದರೆ? "ಆವತ್ತು ಇಂಟರ್‌ವೆಲ್ ಎರಡು ಸಲ" ಅಂತ ತಾತ ನಗುತ್ತಾರೆ.

ಕಂಡಕ್ಟರ್ ಯಜಮಾನರು

ಬಿ.ಟಿ.ಎಸ್.ನಲ್ಲಿ ಸೇರಿ, 1997ರಲ್ಲಿ ಅದು ಬಿ.ಎಂ.ಟಿ.ಸಿ. ಆದಮೇಲೆ ಅಲ್ಲೇ ನಿವೃತ್ತರಾದವರು. ಇವರ ಹವ್ಯಾಸ ಡೈರಿ. ನೋಡಿದ ಪ್ರತಿ ಚಿತ್ರದ ತಾರೀಕು, ಟಾಕೀಸು, ಆಟ, ಕ್ಲಾಸು, ಟಿಕೇಟಿನ ದುಡ್ಡು. ಅರ್ಧ ಹರಿದ ಟಿಕೇಟನ್ನು ಅಲ್ಲೇ ಅನ್ನದ ಅಗುಳಿನಲ್ಲಿ ಅಂಟಿಸಿದ್ದಾರೆ. ಚಿತ್ರ ಚೆನ್ನಾಗಿತ್ತೋ ಇಲ್ಲವೋ ಒಂದಕ್ಷರ ಬರೆದಿಲ್ಲ. ಆದರೆ ಕೆಲವು ಸಾಲಿನ ಕೊನೆಯಲ್ಲಿ ಒಂದು ಸಣ್ಣ ಸೊನ್ನೆ ಇದೆ. ಸೊನ್ನೆ ಅಂದರೆ ಕಣ್ಣೀರು! 1971ರ 'ಕಸ್ತೂರಿ ನಿವಾಸ'ದ ಮುಂದೆ ಸೊನ್ನೆ ಇದೆ. ಆವತ್ತು ಜೊತೆಗಿದ್ದವರು ಅವರಪ್ಪ. ಅದೇ ಚಿತ್ರಕ್ಕೆ ಬಣ್ಣ ಬಳಿದು 2014ರಲ್ಲಿ ಮತ್ತೆ ಬಿಟ್ಟರಲ್ಲ, ಆಗ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದಾರೆ. ಅಲ್ಲೂ ಸೊನ್ನೆ ಇದೆ, ಎರಡು.

"ಇನ್ನೊಂದು ಯಾರದು ಸಾರ್?" ಅಂದೆ.

"ಮೊಮ್ಮಗಂದು."

1972ರ ಮಾರ್ಚ್ 31ಕ್ಕೆ 'ಬಂಗಾರದ ಮನುಷ್ಯ' ಸ್ಟೇಟ್ಸ್ ಟಾಕೀಸಿನಲ್ಲಿ ಬಿಡುಗಡೆಯಾಯಿತು. ಆಮೇಲೆ ಭೂಮಿಕಾ ಅಂತ ಹೆಸರು ಬದಲಾಯಿಸಿಕೊಂಡದ್ದು ಅದೇ ಸ್ಟೇಟ್ಸು. ಎರಡು ವರ್ಷ ಓಡಿದ ಚಿತ್ರ! ಅದರ ಸೆಕೆಂಡ್ ಷೋ ಬಿಡುವ ಹೊತ್ತಿಗೂ ಇವರ ಕೊನೇ ಬಸ್ಸಿಗೂ ಎರಡೇ ನಿಮಿಷದ ಅಂತರವಂತೆ. "ಡ್ರೈವರ್‌ಗೆ ರೈಟ್ ಅನ್ನೋದು ನನ್ನ ಕೈಯಲ್ಲಿತ್ತಲ್ಲಪ್ಪಾ! ಶಿಳ್ಳೆ ಬಾಯಲ್ಲಿ ಇಟ್ಕೊಂಡು ಸುಮ್ನೆ ನಿಂತಿರ್ತಿದ್ದೆ. ಜನ ಕಣ್ಣೊರೆಸಿಕೊಂಡು ಓಡಿ ಬರೋರು. ಚಿತ್ರದ ಕೊನೇಲಿ ರಾಜಕುಮಾರ್ ಊರು ಬಿಟ್ಟು ಹೊರಟುಹೋಗ್ತಾರಲ್ಲ, ನಮ್ಮ ಬಸ್ಸಲ್ಲಿ ಅರ್ಧ ದಾರಿ ತನಕ ಯಾರೂ ಮಾತಾಡ್ತಿರಲಿಲ್ಲ."

ವಾಚು ಮೇಷ್ಟ್ರು

ಮೇಷ್ಟ್ರು ಅಲ್ಲ, ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಕೈಗಡಿಯಾರ ಜೋಡಿಸುತ್ತಿದ್ದವರು. ಮಾತು ಕಮ್ಮಿ, ಪಾಠ ಜಾಸ್ತಿ, ಅದಕ್ಕೇ ಆ ಹೆಸರು. ಇವರ ಹುಚ್ಚು ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತಿನ ಹಳೇ ತಟ್ಟೆ ಅರಗಿನ ಜಾತಿಯದು, ಕೈತಪ್ಪಿದರೆ ಹಪ್ಪಳ. ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚಂದರೆ ಇನ್ನೊಂದಿಷ್ಟು. "ಹಳೇ ಹಾಡುಗಳೆಲ್ಲ ಯಾಕೆ ಮೂರು ನಿಮಿಷ ಗೊತ್ತೇನಯ್ಯಾ? ಕವಿಗೆ ಪದ ಸಾಲದೇ ಅಲ್ಲ, ತಟ್ಟೇಲಿ ಜಾಗ ಸಾಲದೆ!" ಕೆಟ್ಟ ಪ್ಲೇಯರ್ ಯಾವುದೇ ಬರಲಿ, ವಾಚಿನ ಸ್ಕ್ರೂಡ್ರೈವರಿನಲ್ಲೇ ಬಿಚ್ಚಿ ಸರಿ ಮಾಡುತ್ತಾರೆ. ಕೈ ಈಗಲೂ ನಡುಗುವುದಿಲ್ಲ.

ಪೋಸ್ಟಾಫೀಸ್ ರಾಯರು

ಈ ಲೇಖನಕ್ಕೆ ಹೀರೋ ಇವರೇ. ರೈಲ್ವೆ ಟಪಾಲಿನಲ್ಲಿ ರಾತ್ರಿಯೆಲ್ಲ ಕಾಗದ ವಿಂಗಡಿಸಿದವರು. ಶಾಲೆಯ ದಿನದಿಂದ ಸಿನಿಮಾ ಹಾಡಿನ ಪುಸ್ತಕ ಕೂಡಿಹಾಕಿದ್ದಾರೆ. ಈಗ ಒಟ್ಟು 640!

ಹಾಡಿನ ಪುಸ್ತಕ ನೋಡದ ಹುಡುಗರಿಗೆ ಎರಡು ಮಾತು. ಟಾಕೀಸಿನ ಬಾಗಿಲಲ್ಲಿ ಕಡಲೆಕಾಯಿ ಜೊತೆ ಮಾರುತ್ತಿದ್ದ ತೆಳ್ಳನೆ ಪುಸ್ತಕ. ಮುಖಪುಟದಲ್ಲಿ ತಾರೆಯರು, ಒಳಗೆ ಪಾತ್ರವರ್ಗ, ತಂತ್ರಜ್ಞರ ಪಟ್ಟಿ, ಕಥಾಸಾರಾಂಶ, ಆಮೇಲೆ ಹಾಡುಗಳು. ಕಥೆ ಬಿಗಿಯಾಗುವ ಹೊತ್ತಿಗೆ ನಿಂತುಬಿಡುತ್ತೆ, ಮಿಕ್ಕದ್ದನ್ನು ತೆರೆಯ ಮೇಲೆ ನೋಡಿ ಅಂತ! ಹಾಡು ಬರೆದವರಾರು, ರಾಗ ಹಾಕಿದವರಾರು, ಅಲ್ಲಿ ಅಚ್ಚಾಗಿರುತ್ತೆ. ಈಗ ಮೊಬೈಲಿನಲ್ಲಿ ಹಾಡು ಕೇಳ್ತೀರಿ, ಬರೆದವರ ಹೆಸರು ಎಲ್ಲಿರುತ್ತೆ? ನಾಲ್ವರಿಗೂ ಜಗಳ ಬಿದ್ದಾಗ ತೀರ್ಪು ಕೊಡೋದು ರಾಯರ ಪುಸ್ತಕವೇ.

ಇದು ಬರೀ ಹಳೇ ಕಾಗದ ಅಂದುಕೊಳ್ಳಬೇಡಿ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'. 1934ರ ಮಾರ್ಚ್ 3ರಂದು ಇದೇ ಬೆಂಗಳೂರಿನಲ್ಲಿ, ಮಾರ್ಕೆಟ್ ಕಡೆಯ ಪ್ಯಾರಾಮೌಂಟ್ ಟಾಕೀಸಿನಲ್ಲಿ ಬಿಡುಗಡೆಯಾಯಿತು. ಚಿತ್ರೀಕರಣ ಆಗಿದ್ದು ಕೊಲ್ಲಾಪುರದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ನಾಗೇಂದ್ರರಾಯರು ರಾವಣ. ಇಷ್ಟೆಲ್ಲ ಗೊತ್ತು, ಚಿತ್ರ ಮಾತ್ರ ಇಲ್ಲ! ಒಂದು ಪ್ರಿಂಟೂ ಉಳಿದಿಲ್ಲ. ಆ ಕಾಲದ ಫಿಲ್ಮು ನೈಟ್ರೇಟ್ ಜಾತಿ, ಬೆಂಕಿ ಕಂಡರೆ ಭಗ್ ಅನ್ನೋದು. ಬೆಂಕಿಯಿಂದ ಉಳಿದ ಕಪ್ಪು ಬಿಳುಪು ಫಿಲ್ಮನ್ನು ಅದರೊಳಗಿನ ಬೆಳ್ಳಿಯ ಆಸೆಗೆ ಕರಗಿಸಿದರು. ಆಪರೇಟರ್ ತಾತ ಕಣ್ಣಾರೆ ಕಂಡಿದ್ದಾರೆ. "ಎಂಥೆಂಥಾ ನಟರು! ಒಂದು ಚಮಚ ಬೆಳ್ಳಿ ಆಗೋದ್ರು" ಅಂದರು. ಹೀಗೆ ಮಾಯವಾದ ಎಷ್ಟೋ ಚಿತ್ರಗಳಿಗೆ ಹಾಡಿನ ಪುಸ್ತಕವೇ ಜನನ ಪತ್ರ, ಮರಣ ಪತ್ರ ಎರಡೂ.

ಐದನೆಯವರ ಟ್ರಂಕು

ಮೊದಲು ಇವರು ಐದು ಜನ. ಐದನೆಯವರು ಡ್ರಾಯಿಂಗ್ ಮೇಷ್ಟ್ರು. ಪೋಸ್ಟರಿನ ಅಕ್ಷರಗಳನ್ನು ಹಾಗೇ ಬರೆದು ಕಲಿತವರು. ಇವರ ಬಳಿಯೂ ಒಂದು ಟ್ರಂಕು ತುಂಬ ಪುಸ್ತಕ ಇತ್ತು. ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹೋದ ಗೆಳೆಯರು ಊಟ ಮುಗಿಸಿ, ಸಂಕೋಚದಿಂದಲೇ ಟ್ರಂಕಿನ ವಿಚಾರ ಎತ್ತಿದರು. ಮಗ ಒಳ್ಳೇ ಹುಡುಗನೇ. "ಅಯ್ಯೋ ಅಂಕಲ್, ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು, ಹಳೇ ಪೇಪರಿನವನಿಗೆ ಹಾಕಿಬಿಟ್ವಿ" ಅಂದ. ಕೇಜಿ ಲೆಕ್ಕ!

ಅವೆನ್ಯೂ ರಸ್ತೆಯಲ್ಲಿ ಭಾನುವಾರದ ಹಳೇ ಪುಸ್ತಕದ ಸಾಲುಗಳನ್ನು ನಾಲ್ವರೂ ಮೂರು ತಿಂಗಳು ಜಾಲಾಡಿದರು. ಸಿಕ್ಕಿದ್ದು ಹನ್ನೊಂದು. ಗೆಳೆಯನ ಸಹಿ ಇದ್ದ ಪುಸ್ತಕವನ್ನು ಚೌಕಾಸಿ ಮಾಡದೆ ಕೊಂಡರಂತೆ. ಅದನ್ನು ಹೇಳುವಾಗ ಕಂಡಕ್ಟರ್ ಯಜಮಾನರು ಡೈರಿ ಮುಚ್ಚಿ ಬೀದಿ ಕಡೆ ತಿರುಗಿದರು.

ಈಗ ಸರದಿ ರಾಯರದು. ಅವರಿಗೆ ಗ್ಲಾಕೋಮ. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮತ್ತೆ ಬರೋದಿಲ್ಲ, ಉಳಿದಿದ್ದನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು ಅಷ್ಟೇ. ಹೈದರಾಬಾದಿನ ಮಗಳು ಬಾ ಅಪ್ಪಾ ಅಂತಿದ್ದಾಳೆ. ಮನೆ ಮಾರಬೇಕು. ಪುಸ್ತಕ?

ಬೈಟು ಕಾಫಿ ಮುಂದೆ ದೊಡ್ಡ ಜಗಳವೇ ನಡೆದಿದೆ. ಆಪರೇಟರ್ ತಾತ, "ಮಾರಯ್ಯಾ, ದುಡ್ಡು ಮಡಿಕ್ಕೋ. ಮಗಳ ಮನೇಲಿ ಕೈ ಒಡ್ಡಬೇಡ" ಅಂದರು. ಕಂಡಕ್ಟರ್ ಯಜಮಾನರು, "ಮಾರಿದ್ರೆ ಬಿಡಿಬಿಡಿಯಾಗಿ ಹೋಗುತ್ತೆ. ಪುಣೆಗೆ ಕೊಡೋಣ" ಅಂದರು. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಫಿಲ್ಮಿನ ಜೊತೆ ಪೋಸ್ಟರು, ಹಾಡಿನ ಪುಸ್ತಕಗಳನ್ನೂ ಕೂಡಿಡುತ್ತದೆ. ವಾಚು ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಮಾರ್ಜಿನ್ನಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀಯಲ್ಲ, ಅದನ್ನ ಯಾರು ಓದ್ತಾರೆ?"

ಅದೇ ಇಲ್ಲಿನ ಗಂಟು. ಪ್ರತಿ ಪುಸ್ತಕದ ಅಂಚಿನಲ್ಲೂ ರಾಯರು ಇರುವೆ ಸಾಲಿನಂಥ ಅಕ್ಷರದಲ್ಲಿ ಏನೇನೋ ಬರೆದಿದ್ದಾರೆ. ಯಾವ ಟಾಕೀಸು, ಯಾರು ಜೊತೆಗಿದ್ದರು, ಪುಸ್ತಕದಲ್ಲಿದ್ದು ಚಿತ್ರದಲ್ಲಿಲ್ಲದ ಹಾಡು ಯಾವುದು. ಪೆನ್ಸಿಲ್ ಮಾಸಿದೆ. ಟಪಾಲಿನವರ ಸಂಕೇತಾಕ್ಷರ ಬೇರೆ. ಓದಬಲ್ಲವರು ರಾಯರೊಬ್ಬರೇ, ಅದೂ ಭೂತಗನ್ನಡಿ ಹಿಡಿದು, ಕಣ್ಣು ಇರುವ ತನಕ!

ಆಗ ಒಂದು ತೀರ್ಮಾನವಾಯಿತು. ಕೊಡೋದು ಪುಣೆಗೇ, ಆದರೆ ಪಟ್ಟಿ ಆದಮೇಲೆ. ಭಾನುವಾರಕ್ಕೆ ಹತ್ತು ಪುಸ್ತಕ. ರಾಯರು ಅಂಚಿನ ಅಕ್ಷರ ಓದುತ್ತಾರೆ, ಕಂಡಕ್ಟರ್ ಯಜಮಾನರು ಡೈರಿ ತೆಗೆದು ತಾರೀಕು ತಾಳೆ ನೋಡುತ್ತಾರೆ, ಆಪರೇಟರ್ ತಾತ ಪ್ರಿಂಟಿನ ಸಂಗತಿ ಸೇರಿಸುತ್ತಾರೆ, ವಾಚು ಮೇಷ್ಟ್ರು ನಡುಗದ ಕೈಯಲ್ಲಿ ಮೊಬೈಲ್ ಹಿಡಿದು ಪುಟ ಪುಟದ ಫೋಟೋ ತೆಗೆಯುತ್ತಾರೆ. ನಾನು ಹೋದ ದಿನ 210 ಮುಗಿದಿತ್ತು. ಉಳಿದಿದ್ದು 430. ಹತ್ತರಂತೆ 43 ಭಾನುವಾರ. ರಾಯರ ಕಣ್ಣು ಅಷ್ಟು ದಿನ ಕಾಯುತ್ತಾ?

ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಬರೋದು ಒಂದೇ ಕೆಲಸ, ಹೇಳಿದ್ದನ್ನ ಬೇಗ ಬೇಗ ಬರೆದುಕೊಳ್ಳೋದು. ನೋಟ್‌ಬುಕ್ ತೆಗೆದು ಕೂತೆ. ಒಂದು ಕೈ ಹೆಚ್ಚಾದದ್ದರಿಂದ ವಾರಕ್ಕೆ ಇಪ್ಪತ್ತು ಸಾಗುತ್ತಿದೆ.

ಉಳಿದದ್ದು, ಹೋದದ್ದು

ಕೆಲಸ ಮುಗಿದ ಮೇಲೆ ಕೆ.ಜಿ. ರಸ್ತೆಯಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ಲಿನ ತನಕ ನಡಿಗೆ. ರಾಯರು ವಾಚು ಮೇಷ್ಟ್ರ ಭುಜ ಹಿಡಿದಿರುತ್ತಾರೆ. ಸಾಗರ್, ಕೆಂಪೇಗೌಡ, ಹಿಮಾಲಯ, ಗೀತಾ, ಅಲಂಕಾರ್ ಅಂತ ಒಬ್ಬೊಬ್ಬರೂ ಹೆಸರು ಹೇಳುತ್ತಾ ಹೋಗುತ್ತಾರೆ, ತಿಥಿಯಲ್ಲಿ ಪಿತೃಗಳ ಹೆಸರು ಹೇಳಿದ ಹಾಗೆ. ಈ ಕಡೆ 1968ರಲ್ಲಿ ಶುರುವಾದ ಕಪಾಲಿ 2017ರಲ್ಲಿ ನೆಲಸಮ. ಆ ಕಡೆ ಸ್ಯಾಂಕಿ ರಸ್ತೆಯಲ್ಲಿ 1974ರ ಕಾವೇರಿ 2024ರಲ್ಲಿ ಬಂದ್. ಆದರೂ ಇವರು ಅಳುಮುಂಜಿಗಳಲ್ಲ. "ಕೆರೆ ಹೋಗಿ ಬಸ್ ಸ್ಟ್ಯಾಂಡ್ ಬಂತು. ಟಾಕೀಸ್ ಹೋಗಿ ಬಟ್ಟೆ ಅಂಗಡಿ ಬಂತು. ಜನ ಎಲ್ಲಿ ಸೇರ್ತಾರೋ ಅದೇ ಮೆಜೆಸ್ಟಿಕ್ಕು ಕಣಪ್ಪಾ" ಅಂತಾರೆ ಕಂಡಕ್ಟರ್ ಯಜಮಾನರು.

ಇಷ್ಟು ಓದಿದಿರಲ್ಲ, ಈಗ ನಿಮಗೊಂದು ಕೆಲಸ. ನಿಮ್ಮ ಮೆಚ್ಚಿನ ನಾಯಕನ ಕಟೌಟಿಗೆ ಹಾಲು ಸುರೀರಿ, ಬೇಡ ಅನ್ನೋಲ್ಲ. ಆದರೆ ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ತಾತನ ಟ್ರಂಕಿನ ತಳದಲ್ಲಿ ಒಂದು ಹಾಡಿನ ಪುಸ್ತಕ, ಒಂದು ಹರಿದ ಟಿಕೇಟು ಇರಬಹುದು. ಹಳೇ ಪೇಪರಿನವನಿಗೆ ಹಾಕಬೇಡಿ. ತಾತ ಬದುಕಿದ್ದರೆ ಪಕ್ಕ ಕೂತು, ಯಾವ ಟಾಕೀಸು, ಯಾರ ಜೊತೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.

ನಾಲ್ಕು ಭಾನುವಾರ ಕಳೆದು ಪಟ್ಟಿ ಈಗ 290ಕ್ಕೆ ಬಂದಿದೆ. ಉಳಿದಿರೋದು 350. ಇಪ್ಪತ್ತರಂತೆ ಇನ್ನು ಹದಿನೆಂಟು ವಾರ. ರಾಯರು ದಿನಾ ಡ್ರಾಪ್ಸ್ ತಪ್ಪದೆ ಹಾಕಿಕೊಳ್ಳುತ್ತಿದ್ದಾರೆ.